ಕಿವಿಗೊಂದು ಮುಖಪುಟ

ಡಮ್ಮಿ ಪ್ರತಿಯನ್ನು ಕೈಗೆ ಕೊಟ್ಟ ಕೂಡಲೇ ಹಾರ್ಮೋನಿಯಂ ಮಾಸ್ತರರು ಅದನ್ನು ಮೂಸಿ ನೋಡಿದರು. ಆಮೇಲೆ ಮುಖಪುಟದ ಮೇಲೆ ಅಂಗೈ ಆಡಿಸಿದರು. ಪಿನ್ನು ಎಲ್ಲಿ ಹೊಡೆದಿದೆ ಎಂದು ಹೆಬ್ಬೆರಳಿನಿಂದ ಹುಡುಕಿ, ಹಾಳೆಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಒಮ್ಮೆ ಸರ್ರನೆ ಬಿಟ್ಟರು.

“ಕಾಗದ ಚಲೋ ಐತೆವಾ. ನುಣ್ಣಗ ಐತಿ,” ಎಂದರು. “ಇದರಾಗ ಸಂಗೀತ ಎಲ್ಲೈತಿ?”

ಚಿಕ್ಕನರಗುಂದದಲ್ಲಿ ಅವರ ಮನೆಯ ಪಡಸಾಲೆ. ಅಂಗಳದಲ್ಲಿ ಹೆಸರು ಒಣಹಾಕಿದ್ದರು. ಮಾಸ್ತರರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹುಡುಗರಾಗಿದ್ದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೆಲವು ವರ್ಷ ಇದ್ದು ಕಲಿತು ಬಂದವರು. ಊರಿನ ಭಜನೆಗೆ ಅವರದೇ ಹಾರ್ಮೋನಿಯಂ. ನನ್ನ ಅಜ್ಜಿಯ ಮನೆ ಅದೇ ಓಣಿಯಲ್ಲಿ ಇರುವುದರಿಂದ ಅವರು ನನಗೆ ಚಿಕ್ಕಂದಿನಿಂದ ಗೊತ್ತು. ಹಾಡು ಅಚ್ಚಿಗೆ ಬಂದ ಚರಿತ್ರೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನಾನು, ನಾಲ್ವರು ಗೆಳೆಯರ ಜೊತೆ ಸೇರಿ ಈ ಸೀಮೆಯ ಸಂಗೀತಕ್ಕೆಂದೇ ಒಂದು ತ್ರೈಮಾಸಿಕ ತರಬೇಕೆಂದು ಹೊರಟಿದ್ದೆ. ಹೆಸರು ಇನ್ನೂ ಇಟ್ಟಿರಲಿಲ್ಲ. 48 ಪುಟದ ಡಮ್ಮಿ ಮಾತ್ರ ತಯಾರಾಗಿತ್ತು. ಮೊದಲು ಮಾಸ್ತರರಿಗೆ ತೋರಿಸೋಣ ಎಂದು ಬಂದಿದ್ದೆ. ‘ತೋರಿಸೋಣ’ ಎಂಬ ಮಾತಿನಲ್ಲೇ ಏನೋ ತಪ್ಪಿದೆ ಎಂದು ನನಗೆ ಬಸ್ಸಿನಲ್ಲಿ ಕೂತಾಗಲೂ ಹೊಳೆದಿರಲಿಲ್ಲ.

“ಮುಖಪುಟದ ಮ್ಯಾಲ ಭೀಮಸೇನ ಜೋಶಿಯವರ ಫೋಟೋ ಐತ್ರಿ ಮಾಸ್ತರ,” ಎಂದೆ.

“ಭೀಮಣ್ಣನ ಫೋಟೋ ಯಾಕಬೇ? ಅಂವ ಹಾಡಿದವ.”

ನಕ್ಕುಬಿಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ನಗು ಬರಲಿಲ್ಲ. ಅಲ್ಲಿಂದ ಸುಮಾರು ಎಂಟು ತಿಂಗಳು ನಾನು ಯೋಚಿಸಿದ್ದು ಇದೊಂದನ್ನೇ: ಸಂಗೀತ ಪತ್ರಿಕೆಗೆ ಇಂಥದೇ ರೂಪ ಇರಬೇಕು ಎಂದು ನಮಗೆ ಹೇಳಿಕೊಟ್ಟವರು ಯಾರು? ಆ ರೂಪದಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು, ಎಷ್ಟನ್ನು ಮುರಿಯಬೇಕು?

ನಮ್ಮ ಡಮ್ಮಿಯಲ್ಲಿ ಏನಿತ್ತೆಂದು ಮೊದಲು ಹೇಳುತ್ತೇನೆ. ಮುಖಪುಟದಲ್ಲಿ ಒಬ್ಬ ದೊಡ್ಡ ಗಾಯಕರ ದೊಡ್ಡ ಮುಖ. ಮೇಲೆ ಎಡಕ್ಕೆ ಪತ್ರಿಕೆಯ ಹೆಸರಿಗೆ ಬಿಟ್ಟ ಜಾಗ. ಅದರ ಕೆಳಗೆ ಒಳಗಿನ ಲೇಖನಗಳನ್ನು ಕೂಗಿ ಹೇಳುವ ನಾಲ್ಕು ಸಾಲು. ಮೂರನೆಯ ಪುಟದಲ್ಲಿ ಪರಿವಿಡಿ, ನಡುಪುಟಗಳಲ್ಲಿ ಬಣ್ಣದ ಫೋಟೋಗಳು, ಕೊನೆಗೆ ಒಂದು ಬಂದಿಶಿನ ಸ್ವರಲಿಪಿ. ಇದರಲ್ಲಿ ಯಾವುದನ್ನೂ ನಾವು ಕೂತು ಯೋಚಿಸಿ ಮಾಡಿದ್ದಲ್ಲ. ಪತ್ರಿಕೆ ಎಂದರೆ ಹೀಗಿರುತ್ತದೆ ಎಂದು ಕೈ ತಾನಾಗಿ ಮಾಡಿತ್ತು. ಯೋಚಿಸದೆ ಕೈ ಮಾಡುವುದಕ್ಕೇ ಸಂಪ್ರದಾಯ ಎನ್ನುತ್ತೇವೆ. ಅದಕ್ಕೂ ಒಂದು ಚರಿತ್ರೆ ಇರುತ್ತದೆ.

ಎಡಮೂಲೆಯ ಹೆಸರನ್ನೇ ತೆಗೆದುಕೊಳ್ಳಿ. ಪಶ್ಚಿಮದ ಪತ್ರಿಕೆ ಅಂಗಡಿಗಳ ಹಲಗೆಯಲ್ಲಿ ಒಂದರ ಮೇಲೊಂದು ಜಾರಿಸಿ ಇಟ್ಟಾಗ ಪ್ರತಿ ಪತ್ರಿಕೆಯ ಎಡಗಡೆಯ ಮೂರನೆಯ ಒಂದು ಪಾಲು ಮಾತ್ರ ಕಾಣುತ್ತದೆ. ಕೊಳ್ಳುವವರ ಕಣ್ಣಿಗೆ ಬೀಳಬೇಕಾದ್ದೆಲ್ಲ ಅಲ್ಲೇ ಇರಬೇಕು ಎಂಬುದು ವಿನ್ಯಾಸಕಾರರ ಹಳೆಯ ಪಾಠ. ನಮ್ಮ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ಪತ್ರಿಕೆ ನೇತುಹಾಕುತ್ತಾರೆ. ಅಲ್ಲಿ ಎಡಗಡೆಗೆ ಯಾವ ವಿಶೇಷವೂ ಇಲ್ಲ. ಆದರೂ ನಾವು ಎಡಮೂಲೆಯನ್ನು ಕಾಯ್ದಿರಿಸಿದ್ದೆವು. ಯಾವುದೋ ದೇಶದ ಹಲಗೆಯ ಅಳತೆಗೆ ನರಗುಂದದ ಪತ್ರಿಕೆಯನ್ನು ಹೊಲಿದಿದ್ದೆವು. ಈ ಎಡಮೂಲೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೊನೆಗೆ ಅದು ಮತ್ತೆ ಬರುತ್ತದೆ.

ದೊಡ್ಡ ಮುಖದ ಕಥೆಯೂ ಹೀಗೆಯೇ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮೊದಲ ಸಂಚಿಕೆ 1967ರ ನವೆಂಬರ್ 9ರ ದಿನಾಂಕ ಹೊತ್ತು ಬಂತು. ಅದರ ಮುಖಪುಟದಲ್ಲಿ ಹಾಡುಗಾರ ಜಾನ್ ಲೆನನ್ ಇದ್ದಾನೆ, ಆದರೆ ಹಾಡುತ್ತಿಲ್ಲ. ಒಂದು ಸಿನಿಮಾದ ಸೈನಿಕನ ವೇಷದಲ್ಲಿ, ತಲೆಗೆ ಶಿರಸ್ತ್ರಾಣ ಹಾಕಿಕೊಂಡು ನಿಂತಿದ್ದಾನೆ. ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಸಂಗೀತ ಇರಬೇಕಿಲ್ಲ, ಸಂಗೀತಗಾರನ ಮುಖವಿದ್ದರೆ ಸಾಕು ಎಂಬ ಒಪ್ಪಂದ ಹೊತ್ತಿಗಾಗಲೇ ಗಟ್ಟಿಯಾಗಿತ್ತು.

ನಮ್ಮಲ್ಲಿ ಈ ಪ್ರಕಾರ ಹುಟ್ಟಿದ್ದು ಬೇರೆ ಕಾರಣಕ್ಕೆ. ವಿಷ್ಣು ದಿಗಂಬರ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಮುಂದೆ ಕೆಲವೇ ವರ್ಷಗಳಲ್ಲಿ ‘ಸಂಗೀತ ಅಮೃತ ಪ್ರವಾಹ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಗುರುವಿನ ಮುಂದೆ ಕೂರಲಾಗದವರಿಗೂ ಪಾಠ ಸಿಗಲಿ, ಸಂಗೀತ ಮರ್ಯಾದಸ್ಥರ ಮನೆಯೊಳಗೆ ಬರಲಿ ಎಂಬುದು ಅವರ ಆಸೆ. 1935ರಲ್ಲಿ ಉತ್ತರ ಪ್ರದೇಶದ ಹಾಥರಸಿನಿಂದ ‘ಸಂಗೀತ’ ಎಂಬ ಹಿಂದಿ ಮಾಸಿಕ ಶುರುವಾಯಿತು. ಅದೇ ವರ್ಷ ರೇಡಿಯೋ ಕಾರ್ಯಕ್ರಮಗಳ ವಿವರ ಕೊಡುವ ‘ದಿ ಇಂಡಿಯನ್ ಲಿಸನರ್’ ಬಂತು. ಹೆಸರಿನಲ್ಲಿ ‘ಕೇಳುಗ’ ಇದ್ದಾನೆ, ಕೈಯಲ್ಲಿರುವುದು ಮಾತ್ರ ನೋಡುವ ವಸ್ತು. 1983ರಲ್ಲಿ ಮದರಾಸಿನಿಂದ ‘ಶ್ರುತಿ’ ಬಂದಾಗ ಸಂಗೀತ ಪತ್ರಿಕೆ ವಿಮರ್ಶೆ, ಸಂದರ್ಶನ, ಚರ್ಚೆಗಳ ಜಾಗವಾಯಿತು. ಪಾಠ ಹೇಳುವ ಪತ್ರಿಕೆ, ವೇಳಾಪಟ್ಟಿ ಕೊಡುವ ಪತ್ರಿಕೆ, ಚರ್ಚೆ ಮಾಡುವ ಪತ್ರಿಕೆ ಎಂಬ ಈ ಮೂರೂ ಬಗೆ ನಮ್ಮ ಡಮ್ಮಿಯಲ್ಲಿ ಅಷ್ಟಷ್ಟು ಬೆರೆತಿದ್ದವು.

ಈ ಚರಿತ್ರೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದು. ಪಲುಸ್ಕರರು ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟು ಮಾಡಿಕೊಂಡವರು. ಓದು ಮುಂದುವರಿಸಲಾಗದೆ ಸಂಗೀತಕ್ಕೆ ಬಂದವರು. ದೃಷ್ಟಿ ಕುಂದಿದ ಮನುಷ್ಯನೊಬ್ಬ ಅಚ್ಚಿನ ಅಕ್ಷರವನ್ನು, ಸ್ವರಲಿಪಿಯನ್ನು ಅಷ್ಟೊಂದು ನಂಬಿದ್ದು ನನಗೆ ಇವತ್ತಿಗೂ ಸೋಜಿಗ. ಆದರೆ ಅವರು ಅಚ್ಚು ಹಾಕಿಸಿದ್ದು ಕಣ್ಣಿದ್ದವರಿಗಾಗಿ.

ಈ ಸಂಪ್ರದಾಯಗಳನ್ನು ಮುರಿದವರು ಇಲ್ಲವೆಂದಲ್ಲ. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ರೇ ಗನ್’ ಎಂಬ ಸಂಗೀತ ಪತ್ರಿಕೆ ಹುಟ್ಟಿತು. ಅದರ ವಿನ್ಯಾಸಕಾರ ಡೇವಿಡ್ ಕಾರ್ಸನ್ ಅಕ್ಷರಗಳನ್ನು ಒಂದರ ಮೇಲೊಂದು ಹೇರಿದ, ಅಂಕಣಗಳನ್ನು ಒಡೆದ. 1994ರಲ್ಲಿ ಗಾಯಕ ಬ್ರಯನ್ ಫೆರಿಯ ಸಂದರ್ಶನ ತನಗೆ ಸಪ್ಪೆ ಎನಿಸಿದ್ದಕ್ಕೆ ಅದನ್ನು ಚುಕ್ಕಿ, ನಕ್ಷತ್ರ, ಬಾಣದ ಗುರುತುಗಳೇ ತುಂಬಿದ ಚಿಹ್ನೆಗಳ ಫಾಂಟಿನಲ್ಲಿ ಜೋಡಿಸಿಬಿಟ್ಟ. ಒಂದಕ್ಷರವನ್ನೂ ಓದಲು ಬರುವಂತಿರಲಿಲ್ಲ. ವಿನ್ಯಾಸದ ವಿದ್ಯಾರ್ಥಿಗಳು ಇವತ್ತಿಗೂ ಇದನ್ನು ದೊಡ್ಡ ಬಂಡಾಯವೆಂದು ಓದುತ್ತಾರೆ. ನಾನೂ ಹಾಗೆಯೇ ಓದಿದ್ದೆ. ಮಾಸ್ತರರ ಪಡಸಾಲೆಯಿಂದ ಬಂದ ಮೇಲೆ ಅದು ಬೇರೆಯಾಗಿ ಕಂಡಿತು. ಓದಲು ಬಾರದ ಪುಟ ಕಾರ್ಸನ್‌ನ ಓದುಗರಿಗೆ ಒಂದು ದಿನದ ಆಟ. ಮಾಸ್ತರರಿಗೆ ಪ್ರತಿ ಪತ್ರಿಕೆಯ ಪ್ರತಿ ಪುಟವೂ ಅದೇ. ಕಣ್ಣಿನ ಸಂಪ್ರದಾಯವನ್ನು ಕಣ್ಣಿಗಾಗಿಯೇ ಮುರಿದರೆ ಮನೆಯ ಒಳಗೋಡೆ ಬಿದ್ದಂತೆ. ಬಾಗಿಲು ತೆರೆದಂತಲ್ಲ.

ಹಾಗಾದರೆ ಕಿವಿಗೆ ಅದರದೇ ಸಂಪ್ರದಾಯಗಳಿಲ್ಲವೆ? ಇವೆ, ಮತ್ತು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಹುಡುಕಲು ನಾನು ಊರು ಬಿಟ್ಟು ಹೋಗಬೇಕಾಗಲಿಲ್ಲ.

ಮೊದಲಿಗೆ ಹೆಸರು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನರ ಹಾಡನ್ನು ಧ್ವನಿಮುದ್ರಿಸಿದ. ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಮುದ್ರಣದ ಮೂಲ ಪ್ರತಿಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಬರಬೇಕಿತ್ತು. ಹಾಡು ಯಾರದೆಂದು ಅಲ್ಲಿಯವರಿಗೆ ತಿಳಿದು ಸರಿಯಾದ ಚೀಟಿ ಅಂಟಿಸಲಿ ಎಂದು ಈ ಏರ್ಪಾಟು. ಕಾರಣ ಏನೇ ಇರಲಿ, ನಮ್ಮ ಧ್ವನಿಮುದ್ರಿತ ಸಂಗೀತದ ಮೊದಲ ಶೀರ್ಷಿಕೆ ಕಣ್ಣಿಗೆ ಬರೆದದ್ದಲ್ಲ, ಕಿವಿಗೆ ಹೇಳಿದ್ದು. ನಮ್ಮ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಹುಚ್ಚಾಗಿ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಕೊನೆಗೆ ಗುರು ಸಿಕ್ಕಿದ್ದು ಹತ್ತಿರದ ಕುಂದಗೋಳದಲ್ಲಿ. ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರು. ಆ ಹುಡುಗನನ್ನು ಮನೆಯಿಂದ ಎಬ್ಬಿಸಿದ್ದು ಯಾವ ಮುಖಪುಟವೂ ಅಲ್ಲ, ಒಂದು ದನಿ. ಮಾಸ್ತರರು ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಾನು ಇಷ್ಟು ಸುತ್ತಿ ಅರ್ಥಮಾಡಿಕೊಂಡೆ.

ಎರಡನೆಯದು ಅಂಕಿತ. ಅಚ್ಚಿನ ಪತ್ರಿಕೆಯಲ್ಲಿ ಬರೆದವರ ಹೆಸರು ಲೇಖನದ ಹೊರಗೆ, ದಪ್ಪಕ್ಷರದಲ್ಲಿ ಇರುತ್ತದೆ. ವಚನ, ಕೀರ್ತನೆ, ತತ್ವಪದಗಳಲ್ಲಿ ಅದು ಹಾಡಿನ ಒಳಗೇ ಇರುತ್ತದೆ. ಕೂಡಲಸಂಗಮದೇವ ಎಂದರೆ ಬಸವಣ್ಣ, ಪುರಂದರ ವಿಠಲ ಎಂದರೆ ಪುರಂದರದಾಸ, ಶಿಶುನಾಳಾಧೀಶ ಎಂದರೆ ಷರೀಫ. ಕಾಗದ ಹರಿದರೂ, ಪುಟ ಕಳೆದರೂ, ಹಾಡುವವರು ಓದುಬರಹ ಬಾರದವರಾದರೂ ಹೆಸರು ಹಾಡಿನ ಜೊತೆಗೇ ಊರೂರು ದಾಟುತ್ತದೆ. ಮೊದಲ ದಿನ ಡಮ್ಮಿಯ ಒಂದು ಲೇಖನವನ್ನು ನಾನು ಮಾಸ್ತರರಿಗೆ ಓದಿ ಹೇಳಿದ್ದೆ. ಮುಗಿಸಿ ಸುಮ್ಮನಾದೆ. ಅವರು ಇನ್ನೂ ಕಾಯುತ್ತಿದ್ದರು. “ಅಂಕಿತ ಬರಲಿಲ್ಲಲ್ಲವಾ, ಮುಗೀತೇನು?” ಎಂದರು. ಹೆಸರು ಮೇಲೆಯೇ ಅಚ್ಚಾಗಿತ್ತು. ಓದುವಾಗ ನಾನು ಅದನ್ನು ದಾಟಿಬಿಟ್ಟಿದ್ದೆ. ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ.

ಮೂರನೆಯದು ಪಲ್ಲವಿ. ಅಚ್ಚಿನಲ್ಲಿ ತಲೆಬರಹವನ್ನು ಒಮ್ಮೆ ಬರೆದರೆ ಸಾಕು. ಮರೆತರೆ ಕಣ್ಣು ಮೇಲಕ್ಕೆ ಹೋಗಿ ನೋಡಿಕೊಂಡು ಬರುತ್ತದೆ. ಕೇಳುವವರಿಗೆ ಹಿಂದಿನ ಪುಟ ಎಂಬುದಿಲ್ಲ. ಅದಕ್ಕೇ ಹಾಡು ತನ್ನ ಮುಖ್ಯ ಮಾತಿಗೆ ಮತ್ತೆ ಮತ್ತೆ ಮರಳುತ್ತದೆ. ಗೀಗೀ ಮೇಳದಲ್ಲಿ ಮುಂದಿನವರು ಕಥೆಯನ್ನು ಒಂದು ಹೆಜ್ಜೆ ಒಯ್ದರೆ ಹಿಂದಿನವರು ದನಿಗೂಡಿಸಿ ಅದನ್ನು ನಿಲ್ಲಿಸುತ್ತಾರೆ. ಆ ನಿಲುಗಡೆಯಲ್ಲಿ ಕೇಳುಗ ಉಸಿರು ತಗೊಳ್ಳುತ್ತಾನೆ, ಕೇಳಿದ್ದನ್ನು ಮನಸ್ಸಿಗೆ ಇಳಿಸಿಕೊಳ್ಳುತ್ತಾನೆ. 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಸಾಹೇಬ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಹಲಗಲಿಯ ಬೇಡರ ಬಂಡಾಯ, ಸಂಗೊಳ್ಳಿ ರಾಯಣ್ಣನ ಕಥೆ ನಮಗೆ ಕಾಗದದ ಮೇಲೆ ಉಳಿದದ್ದರಲ್ಲಿ ಅವನ ಪಾಲು ದೊಡ್ಡದು. ಆದರೆ ಮೌನವಾಗಿ ಓದುವಾಗ ಪಲ್ಲವಿ ಬಂದಲ್ಲೆಲ್ಲ ನಮ್ಮ ಕಣ್ಣು ಜಿಗಿದು ಮುಂದೆ ಹೋಗುತ್ತದೆ. ಕೇಳುಗನಿಗೆ ಅತಿ ಅಗತ್ಯವಾದದ್ದು ಓದುಗನಿಗೆ ಅಡ್ಡಿ.

ನಾಲ್ಕನೆಯದು ಗಮಕ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಬರೆದನೆಂದು ನಂಬುವ ನಾಡು ನಮ್ಮದು. ಆ ಕಾವ್ಯವನ್ನು ಹೆಚ್ಚಿನ ಜನ ಕೈಯಲ್ಲಿ ಹಿಡಿದು ಓದಿದವರಲ್ಲ, ಕೂತು ಕೇಳಿದವರು. ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಅಚ್ಚಿನಲ್ಲಿ ಮೂಲಪಾಠ ಒಂದು ಅಂಕಣ, ಟಿಪ್ಪಣಿ ಇನ್ನೊಂದು ಅಂಕಣ. ಇಲ್ಲಿ ಅಂಕಣಗಳ ಬದಲು ಎರಡು ದನಿ. ಪುಟವಿನ್ಯಾಸ ಎಂಬುದು ನಮಗೆ ಕಾಗದ ಬರುವ ಮೊದಲೇ ಗೊತ್ತಿತ್ತು. ಅದು ಜಾಗದಲ್ಲಿರದೆ ಹೊತ್ತಿನಲ್ಲಿ ಇತ್ತು, ಅಷ್ಟೆ.

ಇನ್ನು ಗದಗಿನ ಸಂಗೀತದ ಚರಿತ್ರೆಯನ್ನೇ ನೋಡಿ. ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕುರುಡರು. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿ ಕಲಿತು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಆ ತಿರುಗಾಟ ಕೊನೆಗೆ ಗದಗಿನಲ್ಲಿ ನೆಲೆ ಕಂಡು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಮುನ್ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರು. ಬಸವರಾಜ ರಾಜಗುರು ಹಿರಿಯ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶ ಕುಮಾರ ಪುಟ್ಟರಾಜರ ಶಿಷ್ಯರು. ಹೆಸರು ಗೊತ್ತಿಲ್ಲದ ಎಷ್ಟೋ ಅಂಧ ಮಕ್ಕಳು ಅಲ್ಲಿ ಕಲಿತು, ಹಳ್ಳಿಹಳ್ಳಿಗೆ ಹಾರ್ಮೋನಿಯಂ, ತಬಲಾ ಮಾಸ್ತರರಾಗಿ ಹೋದರು. ನಮ್ಮ ಜಿಲ್ಲೆಯ ಸಂಗೀತ ಹೀಗೆ ಬಹುಪಾಲು ನೋಡದವರ ಕೈಯಿಂದ ನಡೆದು ಬಂದದ್ದು. ಅದರ ಬಗ್ಗೆ ಒಂದು ಪತ್ರಿಕೆ ಮಾಡಿ, ಅದನ್ನು ಅವರಿಗೇ ಮುಟ್ಟದಂತೆ ವಿನ್ಯಾಸ ಮಾಡಿದ್ದೆವು.

ಬ್ರೈಲ್‌ನಲ್ಲಿ ಹಾಕಿಸಬಹುದಲ್ಲ ಎಂದು ಗೆಳೆಯರೊಬ್ಬರು ಸಹಜವಾಗಿ ಕೇಳಿದರು. ಲೂಯಿ ಬ್ರೈಲ್ ಸ್ವತಃ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. 1829ರಲ್ಲಿ ಅವನು ತನ್ನ ಚುಕ್ಕಿಲಿಪಿಯನ್ನು ಜಗತ್ತಿಗೆ ತಿಳಿಸಿದ ಪುಸ್ತಕದ ಹೆಸರಿನಲ್ಲೇ ಮಾತಿನ ಜೊತೆಗೆ ಸಂಗೀತವೂ ಇದೆ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಪದ್ಧತಿಯಾಗಿ ಭಾರತಿ ಬ್ರೈಲ್ ಬಂತು, ಕನ್ನಡವೂ ಅದರಲ್ಲಿ ಸೇರಿತು. ಆದರೆ ನಮ್ಮ ಮಾಸ್ತರರು ಬ್ರೈಲ್ ಕಲಿತವರಲ್ಲ. “ನಾ ಕೇಳಿ ಕಲತಾಂವ,” ಎಂದರು. ಊರಿನಲ್ಲಿ ಅಕ್ಷರ ಬಾರದ ಎಷ್ಟೋ ಹಾಡುವ ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಬೇಕಾದದ್ದು ಗಟ್ಟಿಯಾಗಿ ಓದಿದರೆ ಪೂರ್ತಿ ದಕ್ಕುವ ಪತ್ರಿಕೆ.

ಮೊದಲ ಪ್ರಯತ್ನ ನಗೆಪಾಟಲಾಯಿತು. ಮಾಸ್ತರರ ಮೊಮ್ಮಗನ ಫೋನಿನಲ್ಲಿ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸೌಲಭ್ಯವಿತ್ತು. ನಮ್ಮ ಡಮ್ಮಿಯ ಪಿಡಿಎಫ್ ಕಳಿಸಿದೆ. ಪುಟ ಜೋಡಿಸಿದ್ದು ಯೂನಿಕೋಡ್ ಬರುವ ಮೊದಲಿನ ಕಾಲದ ಫಾಂಟಿನಲ್ಲಿ. ಇಂಥ ಫಾಂಟುಗಳು ರೋಮನ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಹೊದಿಸಿದ ವೇಷ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಯಂತ್ರಕ್ಕೆ ಒಳಗಿನ ಮೈಯೇ ಕಾಣುವುದು. ‘ನ’ ಎಂಬ ಅಕ್ಷರದ ಕೆಳಗೆ ಇಂಗ್ಲೆಂಡಿನ ಪೌಂಡಿನ ಗುರುತು ಅಡಗಿರುತ್ತದೆ. ಫೋನು ಅದನ್ನೇ ಓದತೊಡಗಿತು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡು, ಮತ್ತೆ ಪೌಂಡು. ಮಾಸ್ತರರು ಎರಡು ನಿಮಿಷ ಗಂಭೀರವಾಗಿ ಕೇಳಿದರು. “ಇದ್ಯಾವ ತಾಳಬೇ?” ಎಂದರು. ಕಾರ್ಸನ್ ಬೇಕೆಂದೇ ಮಾಡಿದ್ದನ್ನು ನಾವು ಗೊತ್ತಿಲ್ಲದೆ ಮಾಡಿದ್ದೆವು. ಮರುದಿನದಿಂದ 48 ಪುಟಗಳನ್ನೂ ಯೂನಿಕೋಡಿಗೆ ತಂದೆವು. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಫೋನು ಮಾತ್ರ ಕನ್ನಡ ಮಾತಾಡಿತು.

ಹೆಚ್ಚು ತಲೆ ತಿಂದದ್ದು ಸ್ವರಲಿಪಿ. ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ ಚುಕ್ಕಿ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೊಂದು ಗೆರೆ. ದೇವನಾಗರಿಗೆ ಒಗ್ಗಿದ ಈ ಗುರುತುಗಳು ಕನ್ನಡದಲ್ಲಿ ಅಕ್ಷರದ ಜೊತೆಗೇ ಜಗಳಕ್ಕೆ ಬೀಳುತ್ತವೆ. ‘ಧ’ದ ಬುಡದಲ್ಲಿ ಮೊದಲೇ ಒಂದು ಸೀಳು ಇದೆ. ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೊಂದು ಚುಕ್ಕಿ ಇಟ್ಟರೆ ಸಣ್ಣ ಅಕ್ಷರದಲ್ಲಿ ಎಲ್ಲ ಸೇರಿ ಮಸಿಯ ಮುದ್ದೆ. ಗಟ್ಟಿಯಾಗಿ ಓದಿದರಂತೂ ಗೆರೆ, ಚುಕ್ಕಿ ಎಲ್ಲ ಮಾಯ. ಕೋಮಲ ಗಾಂಧಾರವೂ ‘ಗ’, ಶುದ್ಧ ಗಾಂಧಾರವೂ ‘ಗ’. ರಾಗವೇ ಬದಲಾಗಿಬಿಡುತ್ತದೆ. ಪಾಠ ಹೇಳುವಾಗ ನೀವು ಹೇಗೆ ಹೇಳುತ್ತೀರಿ ಎಂದು ಮಾಸ್ತರರನ್ನೇ ಕೇಳಿದೆ. “ಹೇಳೂದೇನೈತಿ, ಹಾಡಿ ತೋರಸ್ತೀನಿ,” ಎಂದರು. ನೋಡದವರೂ ‘ತೋರಿಸು’ ಎನ್ನುತ್ತಾರೆ. ಭಾಷೆಯೇ ಕಣ್ಣಿನ ಪಕ್ಷ. ಕೊನೆಗೆ ಸ್ವರಲಿಪಿಯ ಪುಟವನ್ನು ಬಿಡಲಿಲ್ಲ. ಅದರ ಪಕ್ಕದಲ್ಲಿ ಚಲನವನ್ನು ಮಾತಿನಲ್ಲಿ ಬರೆದೆವು: ಎಲ್ಲಿ ನಿಲ್ಲುತ್ತದೆ, ಯಾವ ಸ್ವರ ಕೋಮಲ, ಎಲ್ಲಿಂದ ಮಂದ್ರಕ್ಕೆ ಇಳಿಯುತ್ತದೆ. ಒಂದು ಪುಟದ್ದು ಮೂರು ಪುಟವಾಯಿತು.

ಪಟ್ಟಿ ಹೀಗೆ ಬೆಳೆಯಿತು. ಪ್ರತಿ ಲೇಖನ ತನ್ನ ಹೆಸರು ಹೇಳಿಕೊಂಡು ಶುರುವಾಗಬೇಕು, ಬರೆದವರ ಹೆಸರು ಕೊನೆಯ ವಾಕ್ಯದೊಳಗೆ ಅಂಕಿತದ ಹಾಗೆ ಬರಬೇಕು. ‘ಮೇಲಿನ ಚಿತ್ರದಲ್ಲಿ’, ‘ಪುಟ 12 ನೋಡಿ’ ಎಂಬ ಮಾತು ಬೇಡ. ಪರಿವಿಡಿಯನ್ನು ಯಾರಾದರೂ ಒಂದೇ ಉಸಿರಿನಲ್ಲಿ ಓದಿ ಹೇಳುವಷ್ಟು ಚಿಕ್ಕದಾಗಿ ಮಾಡಬೇಕು. ಮುಖ್ಯ ಮಾತು ಪಲ್ಲವಿಯಂತೆ ಎರಡು ಮೂರು ಸಲ ಮರಳಬೇಕು. ನಾನು ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಫೋಟೋಗಳೇ ಬೇಡ, ಮುಖಪುಟ ಖಾಲಿ ಇರಲಿ ಎಂದೆ.

ಅಲ್ಲಿ ತಡೆದವರು ಊರಿನ ಹೆಣ್ಣುಮಕ್ಕಳ ಭಜನಾ ಮಂಡಳಿಯವರು. ಡಮ್ಮಿಯ ನಡುಪುಟದಲ್ಲಿ ಅವರ ಫೋಟೋ ಇತ್ತು. ಅದನ್ನು ತೆಗೆಯುತ್ತೇವೆ ಎಂದಾಗ ಹಿರಿಯಳೊಬ್ಬಳು ನೇರವಾಗಿ ಕೇಳಿದಳು: “ದೊಡ್ಡವರ ಫೋಟೋ ಇಷ್ಟು ವರ್ಷ ಹಾಕಿದ್ರಿ. ನಮ್ಮ ಪಾಳಿ ಬಂದಾಗ ಫೋಟೋನ ಬ್ಯಾಡ ಅಂತೀರೇನ?”

ನನ್ನ ಬಳಿ ಉತ್ತರವಿರಲಿಲ್ಲ, ಯಾಕೆಂದರೆ ಚರಿತ್ರೆ ಅವಳ ಕಡೆಗಿತ್ತು. ಗಂಗೂಬಾಯಿ ಹಾನಗಲ್ ತಮ್ಮ ‘ನನ್ನ ಬದುಕಿನ ಹಾಡು’ ಆತ್ಮಕಥೆಯಲ್ಲಿ, ಹಾಡುವವರ ಮನೆತನದ ಹುಡುಗಿ ಎಂಬ ಕಾರಣಕ್ಕೆ ಉಂಡ ಅವಮಾನಗಳನ್ನು ಹೇಳಿಕೊಂಡಿದ್ದಾರೆ. ಗಂಡಸು ಹಾಡಿದರೆ ಹಿಂದೂ ಆದವ ಪಂಡಿತ, ಮುಸಲ್ಮಾನ ಆದವ ಉಸ್ತಾದ, ಹೆಂಗಸು ಮಾತ್ರ ಎಷ್ಟು ಹಾಡಿದರೂ ಬಾಯಿಯೇ ಎಂದು ಅವರು ಆಡುತ್ತಿದ್ದ ಮಾತು ಪ್ರಸಿದ್ಧ. ಹೆಣ್ಣುಮಕ್ಕಳ ದನಿಯನ್ನು ಜನ ಯಾವತ್ತೂ ಕೇಳಿದ್ದಾರೆ. ಹೆಸರು ಹೇಳಿ, ಮುಖ ತೋರಿಸಿ, ಎದುರಿಗೆ ಕೂರಿಸಿ ಮರ್ಯಾದೆ ಕೊಟ್ಟದ್ದು ಅಪರೂಪ. ಮುಖಪುಟದ ಫೋಟೋ ನನಗೆ ಸವೆದುಹೋದ ಸಂಪ್ರದಾಯ, ಅವರಿಗೆ ಇನ್ನೂ ಸಿಗದ ಹಕ್ಕು. ಯಾವ ಸಂಪ್ರದಾಯವನ್ನೇ ಮುರಿಯುವ ಮೊದಲು ಅದು ಈವರೆಗೆ ಯಾರಿಗೆ ಸಿಕ್ಕಿತ್ತು, ಯಾರಿಗೆ ಸಿಕ್ಕಿರಲಿಲ್ಲ ಎಂದು ಕೇಳಿಕೊಳ್ಳಬೇಕು. ಇದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಭೀಮಸೇನರು ಒಳಪುಟಕ್ಕೆ ಬಂದರು. ಮಂಡಳಿಯ ಫೋಟೋ ಮುಖಪುಟಕ್ಕೆ ಹೋಯಿತು. ಫೋಟೋದಲ್ಲಿ ಏನಿದೆ, ಯಾರು ಯಾರಿದ್ದಾರೆ ಎಂಬುದನ್ನು ಹಾಡುವವರ ಪೂರ್ತಿ ಹೆಸರಿನೊಂದಿಗೆ ಮೊದಲ ಪುಟದಲ್ಲಿ ಬರೆದೆವು. ಗಟ್ಟಿಯಾಗಿ ಓದಿದಾಗ ಅದೇ ಮುಖಪುಟ.

ಎರಡನೆಯ ಡಮ್ಮಿಯನ್ನು ಒಂದು ಸೋಮವಾರ ಸಂಜೆ ಭಜನೆ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಓದಿಸಿದೆವು. ಪಿಯುಸಿ ಓದುವ ಹುಡುಗಿಯೊಬ್ಬಳು ಗಟ್ಟಿ ದನಿಯಲ್ಲಿ ಶುರುಮಾಡಿದಳು. ಮೊದಲು ಮುಖಪುಟ. ಎಡದಿಂದ ಒಂದೊಂದೇ ಹೆಸರು. ತಮ್ಮ ಹೆಸರು ಬಂದಾಗ ಹೆಂಗಸರು ಸೆರಗು ಸರಿಮಾಡಿಕೊಂಡರು, ಪಕ್ಕದವರನ್ನು ಮೊಣಕೈಯಿಂದ ತಿವಿದರು. ಹೆಸರು ಮುಗಿದವು. ಹುಡುಗಿ ಪುಟ ತಿರುವಿದಳು.

“ನಿಲ್ಲಬೇ,” ಎಂದರು ಮಾಸ್ತರರು. “ಹಾಡೋರು ಹನ್ನೊಂದು ಮಂದಿ. ನೀ ಓದಿದ್ದು ಹತ್ತು ಹೆಸರು.”

ಫೋಟೋ ನೋಡಿದೆ. ಹತ್ತೇ ಜನ. ಮೂಲ ಚಿತ್ರವನ್ನು ಫೋನಿನಲ್ಲಿ ತೆರೆದೆ. ಎಡ ಅಂಚಿನಲ್ಲಿ ತಾಳ ಹಿಡಿದು ಒಬ್ಬಾಕೆ ನಿಂತಿದ್ದಳು. ಪತ್ರಿಕೆಯ ಹೆಸರು ಎಡಮೂಲೆಯಲ್ಲಿ ಸರಿಯಾಗಿ ಕೂರಲೆಂದು ಆ ಅಂಚನ್ನು ನಾನೇ ಕತ್ತರಿಸಿದ್ದೆ. ಆಮೇಲೆ ಕತ್ತರಿಸಿದ ಫೋಟೋ ನೋಡಿಕೊಂಡೇ ಹೆಸರು ಬರೆದಿದ್ದೆ. ಗೆಳೆಯರು ನಾಲ್ವರೂ ಆ ಮುಖಪುಟವನ್ನು ಎಷ್ಟೋ ಸಲ ನೋಡಿದ್ದರು. ಯಾರಿಗೂ ಏನೂ ಕಡಿಮೆ ಅನಿಸಿರಲಿಲ್ಲ.

ಆಕೆ ಕಟ್ಟೆಯ ತುದಿಯಲ್ಲಿ ಕೂತಿದ್ದಳು. ಏನೂ ಅಂದಿರಲಿಲ್ಲ. ಮಾಸ್ತರರು ಅವಳ ಕಡೆ ಮುಖ ತಿರುಗಿಸಿ, “ತಾಳ ಹಿಡಿಯಾಕಿ ಇಲ್ಲದ ಮ್ಯಾಲ ಅದೆಂಥಾ ಮ್ಯಾಳಬೇ?” ಎಂದರು. ಹುಡುಗಿ ಮತ್ತೆ ಮೊದಲ ಪುಟಕ್ಕೆ ಹೋಗಿ, ಈ ಸಲ ಹನ್ನೊಂದೂ ಹೆಸರು ಓದಿದಳು. ಹನ್ನೊಂದನೆಯದನ್ನು ಕಾಗದ ನೋಡದೆ ಹೇಳಿದಳು.

ಈಗ ಮೂರನೆಯ ಡಮ್ಮಿ ತಯಾರಾಗುತ್ತಿದೆ. ಎಡಮೂಲೆ ಖಾಲಿಯಿಲ್ಲ. ಅಲ್ಲಿ ತಾಳ ಹಿಡಿದು ಒಬ್ಬಾಕೆ ನಿಂತಿದ್ದಾಳೆ. ಪತ್ರಿಕೆಯ ಹೆಸರನ್ನು ಎಲ್ಲಿಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.